ಎಲ್ಡನ್ ಫ್ರೈಸನ್ ತಂದ ನಾಲ್ಕು ಮಿಲ್ಲು

ಕ್ಯಾನ್ಸಸ್ ರಾಜ್ಯದ ಹ್ಯಾಸ್ಕಿನ್ ಕೌಂಟಿಯ ಆಡಳಿತ ಮಂಡಳಿಗೆ ಕಮಿಷನರ್ ಆಗಿ ಎಲ್ಡನ್ ಫ್ರೈಸನ್ ಆರಿಸಿ ಬಂದದ್ದು ಯಾರನ್ನೋ ಸೋಲಿಸಿ ಅಲ್ಲ. ಎದುರಿಗೆ ಯಾರೂ ನಿಂತಿರಲಿಲ್ಲ. ನಿಜ ಹೇಳಬೇಕೆಂದರೆ ಅವನೂ ನಿಂತಿರಲಿಲ್ಲ, ಡಾಟಿಯ ಕೆಫೆಯಲ್ಲಿ ಕೂತಿದ್ದ. ಕೂತು ದಾಲ್ಚಿನ್ನಿ ರೋಲ್ ತಿನ್ನುತ್ತಾ, "ಆ ಮೂರು ಜನ ಬೇಸಿಗೆ ಪೂರ್ತಿ ಎಳೆಯೋ ಬಜೆಟ್ಟನ್ನ ನಾನಾಗಿದ್ರೆ ಒಂದು ಬೆಳಗ್ಗೇಲಿ ಮುಗಿಸಿಬಿಡ್ತಿದ್ದೆ" ಎಂದ. ಪಕ್ಕದ ಮೇಜಿನಲ್ಲಿದ್ದವನು ಆ ಮೂರರಲ್ಲಿ ಒಬ್ಬ. ಮಂಡಳಿಯ ಸಹವಾಸ ಸಾಕಾಗಿ ಅರಿಜೋನಾದಲ್ಲಿ ಮನೆ ಹುಡುಕುತ್ತಿದ್ದ ಮನುಷ್ಯ. ಅವನು ಎದ್ದು ಬಂದು ಎಲ್ಡನ್ನನ ತೋಳು ಹಿಡಿದ, ರಸ್ತೆ ದಾಟಿಸಿ ಕೋರ್ಟ್‌ಹೌಸಿಗೆ ಕರೆದೊಯ್ದ, ಹೆಸರು ಕೊಡಿಸಿದ. ಎಲ್ಡನ್ ಬೇಡವೆನ್ನಲಿಲ್ಲ. ಬೇಡವೆನ್ನಲು ಅವನಿಗೆ ಹೆದರಿಕೆಯಾಯಿತು.

ಎಲ್ಡನ್ನನಿಗೆ ಹೆದರಿಕೆ ಹುಟ್ಟಿನಿಂದಲೇ ಬಂದಿತ್ತು. ಊರಿನ ಮುಖ್ಯ ಬೀದಿಯಲ್ಲಿ ಅವನದೊಂದು ಜಮಖಾನೆ ಮತ್ತು ಲಿನೋಲಿಯಂ ಅಂಗಡಿ. ಅವನು ಬಾತುಕೋಳಿಗೆ ಹೆದರುತ್ತಿದ್ದ, ಆಲಿಕಲ್ಲಿಗೆ ಹೆದರುತ್ತಿದ್ದ, ಹಲ್ಲಿನ ಡಾಕ್ಟರಿಗೆ ಹೆದರುತ್ತಿದ್ದ, ಸುಂಟರಗಾಳಿಯ ಸೈರನ್ನನ್ನು ಪ್ರತಿ ಸೋಮವಾರ ಪರೀಕ್ಷೆಗೆಂದು ಊದುತ್ತಾರೆಂದು ಗೊತ್ತಿದ್ದೂ ಪ್ರತಿ ಸೋಮವಾರ ಮೇಜಿನ ಕೆಳಗೆ ಹೋಗುತ್ತಿದ್ದ. ಇವೆಲ್ಲವನ್ನೂ ಒಟ್ಟುಮಾಡಿದರೆ ಎಷ್ಟೋ ಅಷ್ಟು ಹೆದರಿಕೆ ಅವನಿಗೆ ಮಿಸೆಸ್ ವಿಲ್ಮಾ ಸ್ಟಕಿಯನ್ನು ಕಂಡರೆ ಆಗುತ್ತಿತ್ತು. ಆಕೆ ಅವನಿಗೆ ಹೈಸ್ಕೂಲಿನಲ್ಲಿ ಬೀಜಗಣಿತ ಕಲಿಸಿದವರು. ಕಲಿಸಲು ಪ್ರಯತ್ನಿಸಿದವರು ಎನ್ನುವುದು ಹೆಚ್ಚು ನ್ಯಾಯ. ಈಗ ನಿವೃತ್ತರಾಗಿ ಮಂಡಳಿಯ ಅಧ್ಯಕ್ಷೆಯಾಗಿದ್ದರು.

ಮೂರನೆಯ ಸದಸ್ಯ ಗ್ರೋವರ್ ಪ್ಯಾಂಕ್ರಾಟ್ಸ್, ದನ ಸಾಕುವವನು. ಎಷ್ಟೋ ವರ್ಷದಿಂದ ಮಂಡಳಿಯಲ್ಲಿದ್ದ. ಹ್ಯಾಟು ತೆಗೆಯುತ್ತಿರಲಿಲ್ಲ, ಕಣ್ಣು ತೆರೆಯುತ್ತಿರಲಿಲ್ಲ, ತೆರಿಗೆ ಎಂಬ ಪದ ಕಿವಿಗೆ ಬಿದ್ದಾಗ ಮಾತ್ರ "ಬೇಡ" ಎನ್ನುತ್ತಿದ್ದ.

ಜುಲೈ ತಿಂಗಳಲ್ಲಿ ಬಜೆಟ್ಟಿನ ಮೊದಲ ಸಭೆ. ಕೋರ್ಟ್‌ಹೌಸಿನ ನೆಲಮಾಳಿಗೆ, ಏಸಿ ಕೆಟ್ಟಿತ್ತು. ಮಿಸೆಸ್ ಸ್ಟಕಿ ಒಂದು ಗಂಟೆ ಲೆಕ್ಕ ಓದಿ ಕೊನೆಗೆ ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಈ ಸಲ ನಾಲ್ಕು ಮಿಲ್ ಹೆಚ್ಚು ಹಾಕದೆ ಬೇರೆ ದಾರಿ ಇಲ್ಲ. ಇಲ್ದಿದ್ರೆ ಆ ಮೂಲೇಲಿರೋ ಎಲ್ಮ್‌ಫೋರ್ಡಿನ ಆಂಬುಲೆನ್ಸ್ ಮುಚ್ಚಬೇಕು."

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಿಬಿಡಬೇಕು, ಏಕೆಂದರೆ ಎಲ್ಡನ್ನನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಆ ಸೀಮೆಯಲ್ಲಿ ಆಸ್ತಿ ತೆರಿಗೆಯನ್ನು ಅಳೆಯುವುದು ಮಿಲ್ ಎಂಬ ಅಳತೆಯಲ್ಲಿ. ತೆರಿಗೆಗೆಂದು ಆಸ್ತಿಗೆ ಕಟ್ಟಿದ ಬೆಲೆಯಲ್ಲಿ ಸಾವಿರ ಡಾಲರಿಗೆ ಒಂದು ಡಾಲರ್ ಹಾಕಿದರೆ ಅದು ಒಂದು ಮಿಲ್. ಎಲ್ಡನ್ನನ ಮನೆಯಲ್ಲಿ ತೆರಿಗೆ ಕಟ್ಟುವವಳು ಅವನ ಹೆಂಡತಿ ನಡೀನ್. ಹಾಗಾಗಿ ಅವನಿಗೆ ಗೊತ್ತಿದ್ದ ಮಿಲ್ ಒಂದೇ: ರೈಲು ಹಳಿಯ ಪಕ್ಕದ ಹಳೆಯ ಹಿಟ್ಟಿನ ಗಿರಣಿ. ಅದು ಮುಚ್ಚಿ ಎಷ್ಟೋ ಕಾಲವಾಗಿತ್ತು, ಈಗ ಅದರಲ್ಲಿ ಪಾರಿವಾಳಗಳಿದ್ದವು.

ನಾಲ್ಕು ಗಿರಣಿ, ಎಂದುಕೊಂಡ ಎಲ್ಡನ್. ಮುಚ್ಚಿದ್ದು ಒಂದು, ತೆರೆಯುವುದು ನಾಲ್ಕು. ಗಿರಣಿ ಇಲ್ಲದಿದ್ದರೆ ವರಮಾನವಿಲ್ಲ, ವರಮಾನವಿಲ್ಲದಿದ್ದರೆ ಆಂಬುಲೆನ್ಸ್ ಇಲ್ಲ. ಎಲ್ಲಾ ಸರಿಯಾಗಿ ಕೂತಿತು. ಬಜೆಟ್ ಇಷ್ಟು ಸುಲಭವೆಂದು ಅವನು ಮೊದಲೇ ಕೆಫೆಯಲ್ಲಿ ಹೇಳಿರಲಿಲ್ಲವೇ?

"ಅರ್ಥ ಆಯ್ತಾ ಎಲ್ಡನ್?" ಎಂದರು ಮಿಸೆಸ್ ಸ್ಟಕಿ. ಬೀಜಗಣಿತದ ತರಗತಿಯ ಅದೇ ದನಿ.

"ಆಯ್ತು ಮಿಸೆಸ್ ಸ್ಟಕಿ," ಎಂದ ಎಲ್ಡನ್. ಬೀಜಗಣಿತದ ತರಗತಿಯ ಅದೇ ಉತ್ತರ.

"ಹಾಗಾದ್ರೆ ನಿನ್ನ ಅಭಿಪ್ರಾಯ?"

"ನಾಲ್ಕೇ ಯಾಕೆ? ಐದು ಹಾಕೋಣ."

ಗ್ರೋವರ್ ಕಣ್ಣು ತೆರೆದ. ಮಿಸೆಸ್ ಸ್ಟಕಿ ಕನ್ನಡಕ ತೆಗೆದು ಎಲ್ಡನ್ನನನ್ನು ನೋಡಿದರು. ಆ ನೋಟದಲ್ಲಿ ಮೆಚ್ಚುಗೆಯಂಥದು ಏನೋ ಇತ್ತು. ಅವನ ಜೀವಮಾನದಲ್ಲಿ ಆಕೆಯ ಕಡೆಯಿಂದ ಅವನು ಅಂಥದ್ದನ್ನು ಕಂಡಿರಲಿಲ್ಲ. ಅದರ ಅಮಲಿನಲ್ಲೇ ಅವನು ಡಾಟಿಯ ಕೆಫೆಗೆ ಹೋದ.

"ಏನಾಯ್ತಯ್ಯಾ, ಬಜೆಟ್ ಮುಗಿಸ್ದ್ಯಾ ಒಂದೇ ಬೆಳಗ್ಗೇಲಿ?" ಎಂದು ಯಾರೋ ಕೆಣಕಿದರು.

"ಹೆಚ್ಚುಕಮ್ಮಿ," ಎಂದ ಎಲ್ಡನ್ ಕುರ್ಚಿ ಎಳೆದುಕೊಳ್ಳುತ್ತಾ. "ನಾಲ್ಕು ಮಿಲ್ ಹಾಕ್ತಾ ಇದೀವಿ. ನಾನು ಐದು ಅಂದೆ."

ಕಿಟಕಿ ಬದಿಯ ಮೇಜಿನಲ್ಲಿದ್ದ ವರ್ಜಿಲ್ ಟೈಸ್ ಫೋರ್ಕನ್ನು ಕೆಳಗಿಟ್ಟ. ಕೌಂಟಿಯಲ್ಲಿ ಅವನಷ್ಟು ಗೋಧಿಹೊಲ ಇದ್ದವರು ಕಡಿಮೆ.

"ಐದು?" ಎಂದ ವರ್ಜಿಲ್.

"ಆಗೋದಾದ್ರೆ ಆರು," ಎಂದ ಎಲ್ಡನ್ ಧಾರಾಳವಾಗಿ. "ಗೋಧಿ ಬೆಳೆಯೋರಿಗೆ ಅನುಕೂಲ ಆಗ್ಲಿ ಅಂತ."

ವರ್ಜಿಲ್ ಅರ್ಧ ತಿಂದ ಚೆರ್ರಿ ಪೈ ಬಿಟ್ಟು ಎದ್ದು ಹೋದ. ಆ ಕೆಫೆಯಲ್ಲಿ ಯಾರೂ ಹಾಗೆ ಮಾಡಿದ್ದಿಲ್ಲ. ಅವನ ಹಿಂದೆ ಇನ್ನೂ ಕೆಲವರು ಹ್ಯಾಟು ತೆಗೆದುಕೊಂಡು ಹೊರಟರು. ಅಷ್ಟರಲ್ಲಿ ಅಡುಗೆಮನೆಯಿಂದ ಡಾಟಿ ಕೈ ಒರೆಸಿಕೊಳ್ಳುತ್ತಾ ಓಡಿಬಂದು ಎಲ್ಡನ್ನನನ್ನು ಹಿಡಿದು ಅಪ್ಪಿಕೊಂಡಳು.

"ದೇವರು ನಿನ್ನ ಚೆನ್ನಾಗಿಟ್ಟಿರ್ಲಿ ಕಣೋ. ನಾಲ್ಕು ಮಿಲ್ ಅಂದ್ರೆ ಎಷ್ಟು ಜನ ಕೆಲಸದೋರು. ಅವರೆಲ್ಲಾ ಮಧ್ಯಾಹ್ನ ಎಲ್ಲಿ ಉಣ್ತಾರೆ? ಇಲ್ಲೇ ತಾನೇ?"

ಎಲ್ಡನ್ ಅದನ್ನು ಯೋಚಿಸಿರಲಿಲ್ಲ. "ಇಲ್ಲೇ," ಎಂದ.

ಆ ವಾರವೇ ಊರು ಎರಡಾಯಿತು. ಹ್ಯಾಸ್ಕಿನ್ ಕೌಂಟಿಯ ರಸ್ತೆಗಳಲ್ಲಿ ಎದುರು ಬರುವ ಗಾಡಿಗೆ ಸ್ಟಿಯರಿಂಗ್ ಮೇಲಿನಿಂದ ಒಂದು ಬೆರಳು ಎತ್ತುವುದು ವಾಡಿಕೆ. ಕೆಲವರು ಎಲ್ಡನ್ನನನ್ನು ಕಂಡು ಇಡೀ ಕೈ ಬೀಸತೊಡಗಿದರು. ಉಳಿದವರು ಬೆರಳನ್ನೇ ಎತ್ತಲಿಲ್ಲ. ತನ್ನ ಪಿಕಪ್ಪಿನಲ್ಲಿ ಕೂತು ಎಲ್ಡನ್ ಈ ಎರಡನ್ನೂ ನೋಡಿ ಯಾರು ಯಾಕೆ ಹಾಗೆಂದು ತಿಳಿಯದೆ ಬೆವರಿದ. ಚರ್ಚಿನಲ್ಲಿ ಒಬ್ಬ ವಿಧವೆ ತನ್ನ ಅಕ್ಕನ ಮಗನಿಗೆ ಮಿಲ್ಲಿನಲ್ಲಿ ಕೆಲಸ ಕೊಡಿಸಬೇಕೆಂದು ಅವನ ಕೈಗೆ ಒಂದು ಬಾಣಲೆ ಕಡುಬು ಇಟ್ಟಳು. ಅದೇ ಸಾಲಿನ ಕೊನೆಯಲ್ಲಿದ್ದ ಮುದುಕ ಪ್ರಾರ್ಥನೆಯ ನಡುವೆ ಒಂದು ಕಣ್ಣು ತೆರೆದು ಅವನನ್ನೇ ದುರುಗುಟ್ಟುತ್ತಿದ್ದ.

ಕ್ಷೌರಿಕ ಕ್ಲಿಫ್ ಶುಲ್ಟ್ಸ್ ಮಾತ್ರ ವಿಷಯವನ್ನು ನೇರವಾಗಿ ಎತ್ತಿದ. ಎತ್ತಿದಾಗ ಎಲ್ಡನ್ನನ ಗಂಟಲ ಮೇಲೆ ಕತ್ತಿಯಿತ್ತು.

"ನನಗೊಂದು ಮನೆ ಇದೆ. ಈ ಅಂಗಡಿ ಇದೆ," ಎಂದ ಕ್ಲಿಫ್ ನಿಧಾನವಾಗಿ. "ಎರಡರ ಮೇಲೂ ಮಿಲ್ ಹಾಕ್ತೀಯಂತೆ."

ಅಂಗಡಿಯ ಮಾಡಿನ ಮೇಲೆ ಒಂದು ಗಿರಣಿ ಕೂತಿರುವುದನ್ನು ಎಲ್ಡನ್ ಕಲ್ಪಿಸಿಕೊಂಡ. "ಛೆ, ನಿನ್ನ ಅಂಗಡಿ ಮೇಲೆ ಎಲ್ಲಿ ಹಾಕೋಕಾಗತ್ತೆ ಕ್ಲಿಫ್," ಎಂದ ತುಟಿ ಅಲುಗಿಸದೆ. "ಊರ ಹೊರಗೆ ಹಾಕ್ತೀವಿ. ಹೊಲದ ಕಡೆ."

ಕತ್ತಿ ನಿಂತಿತು. "ಬರೀ ಹೊಲದೋರ ಮೇಲೆ?"

"ಊರೊಳಗೆ ಹಾಕಿದ್ರೆ ಗಲಾಟೆ. ಅಲ್ಲಿ ಜಾಗ ಇದೆ, ತಡ್ಕೊಳತ್ತೆ."

ಕ್ಲಿಫ್ ಕತ್ತಿಯನ್ನು ಒರೆಸಿ ಮಡಿಸಿದ. ಆ ದಿನ ಅವನು ಎಲ್ಡನ್ನನಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಬದಲಿಗೆ, ಮಧ್ಯಾಹ್ನದೊಳಗೆ ಕುರ್ಚಿಗೆ ಬಂದ ಪ್ರತಿಯೊಬ್ಬನಿಗೂ, ಊರವರು ನಿಶ್ಚಿಂತೆಯಾಗಿರಬಹುದು, ಹೊಸ ತೆರಿಗೆಯೆಲ್ಲಾ ರೈತರ ಮೇಲೆ ಎಂದು ಹೇಳಿದ.

ಮಾರನೆಯ ಬೆಳಗ್ಗೆ ಎಲ್ಡನ್ ಅಂಗಡಿ ತೆರೆಯಲು ಹೋದರೆ ಬಾಗಿಲು ಕಾಣಿಸಲಿಲ್ಲ. ಅಡ್ಡಲಾಗಿ ಟ್ರಾಕ್ಟರುಗಳು ನಿಂತಿದ್ದವು. ಗೋಧಿ ಕೊಯ್ಲು ಮುಗಿದಿತ್ತು, ರೈತರಿಗೆ ಪುರಸೊತ್ತಿತ್ತು. ಮುಂದಿನ ಟ್ರಾಕ್ಟರಿನಿಂದ ವರ್ಜಿಲ್ ಟೈಸ್ ಇಳಿದು ಬಂದ.

"ಎಲ್ಲಾ ಮಿಲ್ಲೂ ನಮ್ಮ ಹೊಲದ ಮೇಲಂತೆ?"

ಎಲ್ಡನ್ ಒಂದು ಹೆಜ್ಜೆ ಹಿಂದೆ ಸರಿದ. ಇವರಿಗೆ ಗಿರಣಿಯ ಮೇಲೆ ಇಷ್ಟೊಂದು ದ್ವೇಷ ಯಾಕೆ? "ಬಲವಂತ ಏನಿಲ್ಲ ವರ್ಜಿಲ್," ಎಂದ. "ನಿನ್ನ ಹೊಲ ಬೇಡ ಅಂದ್ರೆ ಬಿಡೋಣ. ಪಕ್ಕದೋರ ಹೊಲಕ್ಕೆ ಹಾಕ್ತೀವಿ."

ವರ್ಜಿಲ್‌ನ ಹಿಂದಿದ್ದ ಟ್ರಾಕ್ಟರಿನ ಎಂಜಿನ್ ನಿಂತಿತು. ಅದರ ಮೇಲೆ ಕೂತಿದ್ದವನು ಪಕ್ಕದ ಹೊಲದವನು.

"ನಿಂದನ್ನ ಬಿಡಿಸ್ಕೊಂಡು ನನ್ನ ತಲೆಗೆ ಕಟ್ತಾ ಇದೀಯೇನಯ್ಯಾ?" ಎಂದ ಅವನು ವರ್ಜಿಲ್‌ನಿಗೆ.

"ನಾನೆಲ್ಲಿ ಕಟ್ಟಿದೆ? ಅವನು ಹೇಳ್ತಾ ಇದಾನೆ."

"ಅವನು ಹೇಳೋಕೆ ಮೊದ್ಲು ನೀನು ಹೇಳ್ಕೊಟ್ಟಿರ್ಬೇಕಲ್ಲ. ಅಪ್ಪನ ಕಾಲದಿಂದ ನಿಮ್ಮನೆಯೋರು ಹಿಂಗೇ."

ಅವರಿಬ್ಬರೂ ಬೇಲಿಯ ವಿಷಯಕ್ಕೂ ಹೋರಿಯ ವಿಷಯಕ್ಕೂ ಹಿಂದಕ್ಕೆ ಹೋಗುತ್ತಿರುವಾಗ ಎಲ್ಡನ್ ಟ್ರಾಕ್ಟರಿನ ಚಕ್ರಗಳ ನಡುವೆ ನುಸುಳಿ ಅಂಗಡಿಯೊಳಗೆ ಹೋಗಿ ಬೀಗ ಹಾಕಿಕೊಂಡ.

ಟ್ರಾಕ್ಟರುಗಳೆಲ್ಲಾ ಹೋದಮೇಲೆ ಬೀಗ ತೆಗೆದದ್ದು ತಪ್ಪಾಯಿತು. ಒಳಗೆ ಬಂದವನು ಲೆರಾಯ್ ಕ್ಲಾಸನ್. ಅವನು ಬಂದಾಗ ಬಾಗಿಲಿನ ಬೆಳಕು ಪೂರ್ತಿ ನಿಂತುಹೋಯಿತು. ಲೆರಾಯ್ ಧಾನ್ಯದ ಲಾರಿ ಓಡಿಸುತ್ತಿದ್ದ. ಲಾರಿ ಕೆಸರಿನಲ್ಲಿ ಸಿಕ್ಕಿಬಿದ್ದರೆ ಇಳಿದು ಹೆಗಲು ಕೊಟ್ಟು ಎತ್ತುತ್ತಾನೆ ಎಂದು ಜನ ಹೇಳುತ್ತಿದ್ದರು. ಮಾತು ಬಹಳ ಕಡಿಮೆ. ಹೆಂಡತಿ ಟ್ರೂಡಿ ಬಿಟ್ಟುಹೋದ ಮೇಲೆ ಇನ್ನೂ ಕಡಿಮೆ.

"ಮಿಲ್ ಬರೋದು ನಿಜಾನಾ?" ಎಂದ ಲೆರಾಯ್.

ಎಲ್ಡನ್ ಜಮಖಾನೆಯ ಸುರುಳಿಯ ಹಿಂದೆ ಸರಿದ. ಇವನು ಯಾವ ಅರ್ಧದವನು? ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನನ್ನು ಅವನು ಅಂದು ಮೊದಲ ಬಾರಿಗೆ ಬಹುವಚನದಲ್ಲಿ ಮಾತಾಡಿಸಿದ. "ನಿಮಗೆ ಬರೋದು ಬೇಕಾ, ಬೇಡ್ವಾ?"

"ಕೇಳಿದ್ದಕ್ಕೆ ಹೇಳು."

"ನಿಜ."

"ಕಮಿಷನರ್ ಆಗಿ ಹೇಳ್ತಾ ಇದೀಯ. ನಿನ್ನ ಬಾಯಿಂದ."

"ಹೌದು."

ಲೆರಾಯ್ ತಲೆಯಾಡಿಸಿದ. ಬಾಗಿಲ ತನಕ ಹೋಗಿ ತಿರುಗಿ ನಿಂತ. "ಹೆಚ್ಚುಕಮ್ಮಿ ಆದ್ರೆ ನಾನು ಬರ್ತೀನಿ," ಎಂದು ಹೇಳಿ ಹೋದ.

ಎರಡು ದಿನ ಬಿಟ್ಟು ಮಧ್ಯಾಹ್ನ ನಡೀನ್ ಹೊಲಿಗೆಯ ಗುಂಪಿನಿಂದ ಮನೆಗೆ ಬಂದಳು. ಎಲೆಕೋಸು, ಮಾಂಸ ತುಂಬಿದ ಬನ್ನುಗಳನ್ನು ತಟ್ಟೆಗೆ ಹಾಕಿ ಗಂಡನ ಎದುರಿಗೆ ಕೂತು ಅವನ ಮುಖವನ್ನೇ ನೋಡಿದಳು.

"ಎಲ್ಡನ್, ಮಿಲ್ ಅಂದ್ರೆ ಏನು?"

"ಹಿಟ್ಟು ಬೀಸೋದು."

ನಡೀನ್ ನಗಲಿಲ್ಲ. ಅವಳು ಎಲ್ಲದಕ್ಕೂ ನಗುವ ಹೆಂಗಸು. ನಗದೇ ಇದ್ದದ್ದನ್ನು ನೋಡಿ ಎಲ್ಡನ್ ಬಾಯಿಗೆ ಒಯ್ದ ಬನ್ನನ್ನು ಕೆಳಗಿಳಿಸಿದ. ಅವಳು ಸಾವಿರ ಡಾಲರಿನ ಲೆಕ್ಕವನ್ನು ಮೆಲ್ಲಗೆ ವಿವರಿಸಿದಳು. ಅವನು ಕೇಳುತ್ತಾ ಹೋದ, ಬನ್ನು ಕೈಯಲ್ಲೇ ಆರಿತು.

"ಹಾಗಾದ್ರೆ ನಾನು ಊರಲ್ಲಿ ಹೇಳಿದ್ದು..."

"ಅರ್ಧ ಊರಿಗೆ ಕೆಲಸ ಕೊಡ್ತೀನಿ ಅಂದಿದೀಯ. ಇನ್ನರ್ಧ ಊರಿಗೆ ತೆರಿಗೆ ಹಾಕ್ತೀನಿ ಅಂದಿದೀಯ. ಎರಡನ್ನೂ ಒಂದೇ ಮಾತಲ್ಲಿ."

"ಲೆರಾಯ್ ಕ್ಲಾಸನ್ ಯಾವ ಅರ್ಧ?"

ನಡೀನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಅದನ್ನೇ ಹೇಳೋಕೆ ಬಂದೆ. ಟ್ರೂಡಿ ವಾಪಸ್ ಬಂದಿದಾಳೆ. ನಿನ್ನೆ ಸಂಜೆ ಬಸ್ಸಿಂದ ಇಳಿದ್ಲಂತೆ, ಪೆಟ್ಟಿಗೆ ಸಮೇತ. ಊರಿಗೆ ಮಿಲ್ ಬರ್ತಾ ಇದೆ, ಕಮಿಷನರೇ ಹೇಳಿದಾರೆ ಅಂತ ಲೆರಾಯ್ ಫೋನ್ ಮಾಡಿದ್ನಂತೆ. ಅಲ್ಲಿನ ಕೆಲಸ ಬಿಟ್ಟು ಬಂದಿದಾಳೆ ಕಣೋ."

ಎಲ್ಡನ್ ಎದ್ದು ಹೋಗಿ ಮುಂಬಾಗಿಲಿನ ಚಿಲಕ ಹಾಕಿದ. ಆಮೇಲೆ ಹಿಂಬಾಗಿಲಿನದನ್ನೂ ಹಾಕಿದ.

ಮಿಸೆಸ್ ಸ್ಟಕಿಗೆ ಎಲ್ಲಾ ಹೇಳಿ ರಾಜೀನಾಮೆ ಕೊಡುವುದೆಂದು ನಿಶ್ಚಯಿಸಿ ಅವನು ಆಕೆಯ ಮನೆಗೆ ಹೋದ. ಆಕೆ ಅಡುಗೆಮನೆಯಲ್ಲಿ ಬೀಟ್‌ರೂಟ್ ಉಪ್ಪಿನಕಾಯಿಯನ್ನು ಸೀಸೆಗೆ ತುಂಬುತ್ತಿದ್ದರು. ಮೊಣಕೈವರೆಗೆ ಕೆಂಪು. ಕೈಯಲ್ಲಿ ಚಾಕು. ಎಲ್ಡನ್ ಹೊಸ್ತಿಲಲ್ಲೇ ನಿಂತ.

"ಬಾ ಎಲ್ಡನ್. ನಿನಗೊಂದು ಮಾತು ಹೇಳಬೇಕಂತಿದ್ದೆ," ಎಂದರು ಆಕೆ. "ನಾನು ಅಧ್ಯಕ್ಷೆ ಆದಾಗಿನಿಂದ ಈ ಮಂಡಳಿಯಲ್ಲಿ ನನ್ನ ಕಡೆ ಇನ್ನೊಂದು ಕೈ ಎದ್ದಿಲ್ಲ. ಎಲ್ಮ್‌ಫೋರ್ಡಿನಿಂದ ಆಸ್ಪತ್ರೆಗೆ ಎಷ್ಟು ದೂರ ಅಂತ ನಿನಗೂ ಗೊತ್ತು. ಹೋದ ಚಳಿಗಾಲ ಹಿಮ ಬಿದ್ದಾಗ ಆ ಆಂಬುಲೆನ್ಸ್ ಇಲ್ದಿದ್ರೆ ರಾಟ್ಸ್‌ಲಾಫ್ ಮನೆಯ ಹುಡುಗಿ ಮಗೂನ ಹೆತ್ತು ಬದುಕ್ತಿರ್ಲಿಲ್ಲ. ಜನ ಬೈತಾರೆ ಅಂತ ಗೊತ್ತಿದ್ದೂ ನೀನು ಐದು ಅಂದೆ. ನಿನ್ನನ್ನ ನಾನು ತಪ್ಪು ತಿಳ್ಕೊಂಡಿದ್ದೆ."

ಎಲ್ಡನ್ ರಾಜೀನಾಮೆಯ ಮಾತೆತ್ತದೆ ಒಂದು ಸೀಸೆ ಉಪ್ಪಿನಕಾಯಿ ಹಿಡಿದುಕೊಂಡು ಮನೆಗೆ ಬಂದ.

ಉಳಿದದ್ದು ಒಂದೇ ದಾರಿ, ಊರು ಬಿಡುವುದು. ಬಹಿರಂಗ ಸಭೆಯ ಹಿಂದಿನ ದಿನ, ವಿಚಿಟಾದಲ್ಲಿರುವ ಅಕ್ಕನಿಗೆ ಮೈ ಸರಿಯಿಲ್ಲವೆಂದು ನಡೀನ್‌ಗೆ ಹೇಳಿ, ಅಕ್ಕನಿಗೆ ತನಗೇ ಮೈ ಸರಿಯಿಲ್ಲವೆಂದು ಹೇಳಿ, ಎಲ್ಡನ್ ಪಿಕಪ್ ಹತ್ತಿದ. ಕೌಂಟಿಯ ಗಡಿಯ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಒಂದು ಧಾನ್ಯದ ಲಾರಿ ನಿಂತಿತ್ತು. ಅದರ ಕಿಟಕಿಯಲ್ಲಿ ಲೆರಾಯ್‌ನ ತೋಳು ಕಂಡಿತು. ಆ ತೋಳಿನ ತುದಿಯಲ್ಲಿ ಒಂದು ಬೆರಳು ಮೆಲ್ಲಗೆ ಮೇಲೆದ್ದಿತು. ಊರಿನ ಮಾಮೂಲು ನಮಸ್ಕಾರ ಅಷ್ಟೇ. ಎಲ್ಡನ್ ಬಂಕಿನ ಸುತ್ತ ಒಂದು ಸುತ್ತು ಹಾಕಿ ಬಂದ ದಾರಿಯಲ್ಲೇ ಮನೆಗೆ ಮರಳಿದ.

ಸಭೆಗೆ ಕೋರ್ಟ್‌ಹೌಸ್ ಸಾಲದೆಂದು ಜಾತ್ರೆ ಮೈದಾನದ ತಗಡಿನ ಸಭಾಂಗಣದಲ್ಲಿ ಏರ್ಪಾಡಾಗಿತ್ತು. ಬಜೆಟ್ ಸಭೆಗೆ ಆ ಕೌಂಟಿಯಲ್ಲಿ ಸಾಮಾನ್ಯವಾಗಿ ಬರುತ್ತಿದ್ದವರು ಮಂಡಳಿಯವರು ಮತ್ತು ಅವರನ್ನು ಮನೆಗೆ ಕರೆದೊಯ್ಯಲು ಬಂದ ಅವರ ಮನೆಯವರು. ಈ ಸಲ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಎಡಗಡೆ 'ಮಿಲ್ ಬೇಡ' ಎಂಬ ಫಲಕಗಳು. ಬಲಗಡೆ 'ಮಿಲ್ ಬೇಕು' ಎಂಬ ಫಲಕಗಳು. ಸಭಾಂಗಣಕ್ಕೆ ಇದ್ದದ್ದು ಒಂದೇ ಬಾಗಿಲು. ಅದರಲ್ಲಿ ಕೈ ಕಟ್ಟಿಕೊಂಡು ಲೆರಾಯ್ ನಿಂತಿದ್ದ. ಪಕ್ಕದಲ್ಲಿ ನೀಲಿ ಅಂಗಿ ತೊಟ್ಟು ಟ್ರೂಡಿ.

ವೇದಿಕೆಯ ಮೇಲೆ ಎಲ್ಡನ್ ನೀರು ಕುಡಿಯಲು ಹೋಗಿ ಲೋಟವನ್ನು ಹಲ್ಲಿಗೆ ಬಡಿದುಕೊಂಡ.

ಮೊದಲು ವರ್ಜಿಲ್ ಎದ್ದ. "ಬೆಲೆ ಬಿದ್ದಿದೆ, ಡೀಸೆಲ್ ಏರಿದೆ. ಇಂಥದ್ರಲ್ಲಿ ಮಿಲ್ ಬಂದ್ರೆ ನಾನು ಬೆಳೆದ ಗೋಧಿನೆಲ್ಲಾ ಮಿಲ್ಲೇ ತಿಂದುಹಾಕತ್ತೆ."

ಬಲಗಡೆಯಿಂದ ಡಾಟಿ ಎದ್ದಳು. "ತಿನ್ನದೆ ಇನ್ನೇನು ಮಾಡತ್ತೆ ವರ್ಜಿಲ್? ಮಿಲ್ ಇರೋದೇ ಅದಕ್ಕೆ."

"ಕೇಳಿಸ್ಕೊಂಡ್ರಾ? ಬಾಯಿ ಬಿಟ್ಟೇ ಹೇಳ್ತಾಳೆ."

"ಗೋಧಿ ಬೆಳೆಯೋನೇ ಮಿಲ್ ಬೇಡ ಅಂದ್ರೆ ನಿನ್ನ ಗೋಧಿ ಇಟ್ಕೊಂಡು ಏನು ಮಾಡ್ತೀಯಯ್ಯಾ? ಮಿಲ್ ಬಂದ್ರೆ ಹುಡುಗರಿಗೆ ಕೆಲಸ ಸಿಗತ್ತೆ."

"ಸಿಗತ್ತೆ, ಕಾಲಕ್ಕೆ ಸರಿಯಾಗಿ ನಮ್ಮನೆ ಬಾಗಿಲು ತಟ್ಟಿ ವಸೂಲು ಮಾಡೋ ಕೆಲಸ."

"ಊರೊಳಗೆ ಹಾಕಲ್ಲ ಅಂತ ಎಲ್ಡನ್ ಮಾತು ಕೊಟ್ಟಿದಾನೆ," ಎಂದ ಹಿಂದಿನಿಂದ ಕ್ಲಿಫ್ ಶುಲ್ಟ್ಸ್.

"ವಾಸನೆ ಬರಲ್ವಾ?" ಎಂದು ಕೇಳಿದಳು ಅಕ್ಕನ ಮಗನಿಗೆ ಕೆಲಸ ಕೇಳಿದ್ದ ವಿಧವೆ.

ಮಿಸೆಸ್ ಸ್ಟಕಿ ಸುತ್ತಿಗೆಯಿಂದ ಮೇಜು ಕುಟ್ಟಿದರು. ಅಷ್ಟು ವರ್ಷ ತರಗತಿ ನಡೆಸಿದ ಆಕೆಗೂ ಇಂಥ ಉತ್ತರಪತ್ರಿಕೆ ಎದುರಾಗಿರಲಿಲ್ಲ. "ನೀವೆಲ್ಲಾ ಯಾವ ಮಿಲ್ಲಿನ ವಿಷಯ ಮಾತಾಡ್ತಾ ಇದೀರಿ?"

"ಎಲ್ಡನ್ ತರ್ತಾ ಇರೋ ಮಿಲ್ಲು," ಎಂದರು ಎರಡೂ ಕಡೆಯವರು ಒಟ್ಟಿಗೆ. ಆ ಬೆಳಗ್ಗೆ ಅವರು ಒಪ್ಪಿದ ಮೊದಲ ಮಾತು ಅದು.

ಮಿಸೆಸ್ ಸ್ಟಕಿ ನಿಧಾನವಾಗಿ ಎಲ್ಡನ್ನನ ಕಡೆ ತಿರುಗಿದರು.

ಎಲ್ಡನ್ ಎದ್ದು ನಿಂತ. ಎಡಗಡೆ ನೋಡಿದ, ಬಲಗಡೆ ನೋಡಿದ, ಬಾಗಿಲ ಕಡೆ ನೋಡಬಾರದೆಂದು ನೋಡಿದ. ಓಡಲು ದಾರಿಯಿರಲಿಲ್ಲ. ಸುಳ್ಳು ಹೇಳಲು ಬಾಯಿ ಒಣಗಿತ್ತು. ನಿಜ ಹೇಳಲು ಅಷ್ಟೊಂದು ಪದ ಬೇಕಿರಲಿಲ್ಲ.

"ಮಿಲ್ ಅಂದ್ರೆ ಹಿಟ್ಟಿನ ಮಿಲ್ ಅಂದ್ಕೊಂಡಿದ್ದೆ," ಎಂದ. "ಮಿಸೆಸ್ ಸ್ಟಕಿ ನಾಲ್ಕು ಅಂದ್ರು. ಒಳ್ಳೇದೇ ಅಲ್ವಾ ಅಂತ ಐದು ಅಂದೆ. ತೆರಿಗೆ ಅಂತ ಗೊತ್ತಿರ್ಲಿಲ್ಲ. ಕೇಳೋಕೆ ಹೆದರಿಕೆ ಆಯ್ತು."

ಬಾಗಿಲ ಹತ್ತಿರ ಟ್ರೂಡಿ ಗಂಡನ ಕಡೆ ಒಮ್ಮೆ ನೋಡಿ, ತಿರುಗಿ, ಹೊರಗೆ ನಡೆದುಬಿಟ್ಟಳು. ಲೆರಾಯ್ ಅವಳ ಹಿಂದೆ ಹೋಗಲಿಲ್ಲ. ಎಲ್ಡನ್ನನನ್ನೇ ನೋಡುತ್ತಾ ನಿಂತ.

ಡಾಟಿ ಮೆಲ್ಲಗೆ ಕೈ ಎತ್ತಿದಳು. "ಹಾಗಾದ್ರೆ ಮಿಲ್ ಅಂದ್ರೆ ಏನು?"

ಬಲಗಡೆ ಕೆಲವರು ಕೆಮ್ಮಿದರು. ಆಮೇಲೆ ಎಡಗಡೆಯೂ ಒಬ್ಬ, ತೆರಿಗೆ ಅಂತ ಗೊತ್ತು, ಆದರೆ ಎಷ್ಟು ಅಂತ ಸರಿಯಾಗಿ ಗೊತ್ತಿಲ್ಲ ಎಂದ. ಇನ್ನೊಬ್ಬ, ನನ್ನ ಹೆಂಡತಿಗೆ ಗೊತ್ತು ಎಂದ. ಮಿಸೆಸ್ ಸ್ಟಕಿ ಎದ್ದು, ದನದ ಹರಾಜಿಗೆಂದು ಇಟ್ಟಿದ್ದ ಕಪ್ಪು ಹಲಗೆಯನ್ನು ಎಳೆದು ತಂದು, ಸೀಮೆಸುಣ್ಣ ಹಿಡಿದರು. ಇಡೀ ಸಭೆ ತಾನಾಗಿ ಬೆನ್ನು ನೆಟ್ಟಗೆ ಮಾಡಿ ಕೂತಿತು, ಅರ್ಧದಷ್ಟು ಜನ ಆಕೆಯ ವಿದ್ಯಾರ್ಥಿಗಳೇ.

"ಊರೊಳಗಿನ ಒಂದು ಸಾಧಾರಣ ಮನೆಗೆ ನಾಲ್ಕು ಮಿಲ್ ಅಂದ್ರೆ ತಿಂಗಳಿಗೆ ಡಾಟಿ ಹತ್ರ ಒಂದು ತುಂಡು ಪೈ," ಎಂದರು. "ಗ್ರೋವರ್, ವರ್ಜಿಲ್, ನಿಮ್ಮಂಥೋರಿಗೆ ವರ್ಷಕ್ಕೊಂದು ಒಳ್ಳೇ ಕರು. ಅದು ಕಮ್ಮಿ ಅಂತ ನಾನು ಹೇಳಲ್ಲ. ಬದಲಿಗೆ ಎಲ್ಮ್‌ಫೋರ್ಡಿನಲ್ಲಿ ಆಂಬುಲೆನ್ಸ್ ಇರತ್ತೆ."

ಗ್ರೋವರ್ ಪ್ಯಾಂಕ್ರಾಟ್ಸ್ ಹಲಗೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಎಲ್ಡನ್ನನ ಕಿವಿಯ ಹತ್ತಿರ ಬಾಗಿದ. "ಸಾವಿರಕ್ಕೆ ಒಂದಾ?" ಎಂದು ಪಿಸುಗುಟ್ಟಿದ. "ನಾನು ಇಷ್ಟು ವರ್ಷ ನೂರಕ್ಕೆ ಒಂದು ಅಂದ್ಕೊಂಡಿದ್ದೆ."

ಎಲ್ಡನ್ ಅವನನ್ನೇ ನೋಡಿದ. ಮಂಡಳಿಗೆ ಬಂದಮೇಲೆ ಅವನಿಗೆ ಸಿಕ್ಕಿದ ಮೊದಲ ಸಮಾಧಾನ ಅದು.

ಆಮೇಲೆ ನಿಜವಾದ ಜಗಳ ಶುರುವಾಯಿತು. ಈ ಸಲ ಎಲ್ಲರೂ ಒಂದೇ ವಿಷಯದ ಮೇಲೆ ಜಗಳವಾಡುತ್ತಿದ್ದರು. ಕರು ಯಾರದು, ಪೈ ಯಾರದು, ಆಂಬುಲೆನ್ಸಿಗೆ ಊಟದ ಕೂಪನ್ ಮಾರಿ ದುಡ್ಡು ಎತ್ತಬಾರದೇಕೆ, ಎತ್ತಿದರೆ ಆ ದುಡ್ಡಿಗೆ ಅದರ ಒಂದು ಚಕ್ರವೂ ಬರುವುದಿಲ್ಲವಲ್ಲ. ಕೊನೆಗೆ ಮಿಸೆಸ್ ಸ್ಟಕಿ ಓಟು ಕರೆದರು. ತಾವು ಹೂಂ ಎಂದರು. ಗ್ರೋವರ್ ಬೇಡ ಎಂದ. ಹೂಂ ಎಂದರೆ ಇಷ್ಟು ವರ್ಷ ಬೇಡ ಅಂದದ್ದಕ್ಕೆ ಕಾರಣ ಹೇಳಬೇಕಾಗುತ್ತದಲ್ಲ.

ಎಲ್ಲರ ಕಣ್ಣು ಎಲ್ಡನ್ನನ ಮೇಲೆ. ಬೇಡವೆಂದರೆ ಮಿಸೆಸ್ ಸ್ಟಕಿ. ಹೂಂ ಎಂದರೆ ಟ್ರಾಕ್ಟರುಗಳು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿಕೆ ಎಂದು ಅವನು ತೂಗಿ ನೋಡುವಾಗ, ತಾನು ನೋಡಿರದ ರಾಟ್ಸ್‌ಲಾಫ್ ಮನೆಯ ಹುಡುಗಿ, ಹಿಮ ಮುಚ್ಚಿದ ಆ ಉದ್ದನೆಯ ರಸ್ತೆ, ಯಾಕೋ ಅವನ ಕಣ್ಣೆದುರಿಗೆ ಬಂದವು. ಅದು ಬೇರೆ ಥರದ ಹೆದರಿಕೆ.

"ಮೂರರಲ್ಲಿ ಆಗಲ್ವಾ ಮಿಸೆಸ್ ಸ್ಟಕಿ?" ಎಂದ ಸಣ್ಣ ದನಿಯಲ್ಲಿ. ಅವನು ಆಕೆಗೆ ಜೀವನದಲ್ಲಿ ಕೇಳಿದ ಮೊದಲ ಪ್ರಶ್ನೆ.

ಆಕೆ ಹಲಗೆಯ ಮೇಲೆ ಲೆಕ್ಕ ಹಾಕಿದರು. "ಆಂಬುಲೆನ್ಸ್ ಉಳಿಯತ್ತೆ. ಕೋರ್ಟ್‌ಹೌಸಿನ ಏಸಿ ರಿಪೇರಿ ಆಗಲ್ಲ."

"ಆಗ್ದಿದ್ರೆ ಬೇಡ. ಮೂರು."

ಒಂದರ ವಿರುದ್ಧ ಎರಡು ಓಟಿನಿಂದ ಪಾಸಾಯಿತು. ಕೆಲವರು ಚಪ್ಪಾಳೆ ತಟ್ಟಿದರು, ಹಲವರು ಗೊಣಗಿದರು. ವರ್ಜಿಲ್ ವೇದಿಕೆಯ ಹತ್ತಿರ ಬಂದು ಬೆರಳು ತೋರಿಸಿ, "ಮುಂದಿನ ಚುನಾವಣೇಲಿ ನಿನ್ನ ವಿರುದ್ಧ ನಾನೇ ನಿಲ್ತೀನಿ" ಎಂದ.

"ದಯವಿಟ್ಟು ನಿಂತ್ಕೋ," ಎಂದ ಎಲ್ಡನ್. "ಬೇಕಾದ್ರೆ ನಾನೇ ನಿನಗೆ ಪ್ರಚಾರ ಮಾಡ್ತೀನಿ."

ಜನ ಚದುರಿದ ಮೇಲೆ ಅವನು ಹೊರಗೆ ಬಂದ. ಪಿಕಪ್ಪಿನ ಬಾಗಿಲು ತೆಗೆದರೆ ಪಕ್ಕದ ಸೀಟಿನಲ್ಲಿ ಲೆರಾಯ್ ಕ್ಲಾಸನ್ ಆಗಲೇ ಕೂತಿದ್ದ. ಗಾಡಿ ಆ ಕಡೆಗೆ ವಾಲಿತ್ತು.

"ನಡಿ," ಎಂದ ಲೆರಾಯ್.

"ಎಲ್ಲಿಗೆ?"

"ನಮ್ಮನೆಗೆ."

ಎಲ್ಡನ್ ಗಾಡಿ ಬಿಟ್ಟ. ಸುತ್ತ ಕೊಯ್ದ ಗೋಧಿಯ ಕೂಳೆ, ದೂರದಲ್ಲಿ ನೀರೆತ್ತುವ ಒಂದು ಗಾಳಿಚಕ್ರ. ಕೂಗಿದರೆ ಕೇಳುವವರು ಯಾರೂ ಇರಲಿಲ್ಲ. ತನ್ನ ಅಂಗಡಿಯನ್ನು ನಡೀನ್ ಒಬ್ಬಳೇ ನಡೆಸಬಲ್ಲಳೇ ಎಂದು ಅವನು ಯೋಚಿಸುತ್ತಿದ್ದ.

"ತಪ್ಪಾಯ್ತು ಲೆರಾಯ್," ಎಂದ ಕೊನೆಗೆ. "ಮಿಲ್ ಅಂದ್ರೆ ಏನು ಅಂತ ನನಗೆ ಗೊತ್ತಿರ್ಲಿಲ್ಲ."

"ನನಗೆ ಗೊತ್ತಿತ್ತು."

ಗಾಡಿ ರಸ್ತೆಯ ಅಂಚಿಗೆ ಹೋಗಿ ಮತ್ತೆ ನಡುವಿಗೆ ಬಂದಿತು.

"ನಾನೂ ಆಸ್ತಿ ತೆರಿಗೆ ಕಟ್ತೀನಿ ಎಲ್ಡನ್," ಎಂದ ಲೆರಾಯ್, ಕಿಟಕಿಯ ಹೊರಗೆ ನೋಡುತ್ತಾ. "ಆ ಹಳೇ ಮಿಲ್ಲು ಕೊನೆಗೆ ನಡೆಸಿದ್ದು ಟ್ರೂಡಿ ಅಪ್ಪ. ಜಗಳ ಆಡ್ಕೊಂಡು ಹೋಗೋವಾಗ ಅವಳು ಹೇಳಿದ್ದು ಅದೇ. ಈ ಊರಿಗೆ ಮತ್ತೆ ಮಿಲ್ ಬರ್ಲಿ, ಆವತ್ತು ನಿನ್ನ ಹತ್ರ ವಾಪಸ್ ಬರ್ತೀನಿ ಅಂತ. ನಾನು ಅವಳ ಹತ್ರ ಸುಳ್ಳು ಹೇಳಲ್ಲ. ಅದಕ್ಕೇ ನಿನ್ನ ಬಾಯಿಂದ ಹೇಳಿಸ್ಕೊಂಡು ಹೋದೆ. ಕಮಿಷನರ್ ಮಿಲ್ ಬರತ್ತೆ ಅಂದ ಅಂತ ಫೋನಲ್ಲಿ ಹೇಳ್ದೆ. ಅಂದಿದ್ದು ನಿಜ ತಾನೇ?"

ಅದು ಅವನು ಒಂದು ವರ್ಷದಲ್ಲಿ ಆಡಿದಷ್ಟು ಮಾತು.

"ಈಗ ನೀನು ಬಂದು ಹೇಳು," ಎಂದ ಲೆರಾಯ್. "ತಪ್ಪು ನಿಂದು ಅಂತ."

"ನೀನೇ ಹೇಳ್ಬಾರ್ದಾ?"

ಲೆರಾಯ್ ತನ್ನ ದೊಡ್ಡ ಕೈಗಳನ್ನು ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟುಕೊಂಡ. "ನನಗೆ ಹೆದರಿಕೆ ಆಗತ್ತೆ," ಎಂದ.

ಮನೆಯ ಅಂಗಳದಲ್ಲಿ ಗಾಡಿ ನಿಂತಿತು. ಇಬ್ಬರೂ ಇಳಿಯಲಿಲ್ಲ. ಎಂಜಿನ್ ಆರಿದ ಮೇಲೂ ಎಲ್ಡನ್ ಸ್ಟಿಯರಿಂಗ್ ಹಿಡಿದೇ ಇದ್ದ. ಒಳಗಿನಿಂದ ಟ್ರೂಡಿ ಬಂದಳು. ಚಿಕ್ಕ ಆಳು, ಕೈಯಲ್ಲಿ ಮರದ ಸೌಟು. ಜಗಲಿಯ ಮೆಟ್ಟಿಲಿಳಿದು ಎಲ್ಡನ್ನನ ಕಿಟಕಿಯ ಹತ್ತಿರ ನಿಂತಳು.

"ಟ್ರೂಡಿ," ಎಂದ ಎಲ್ಡನ್. "ಮಿಲ್ ಬರಲ್ಲ. ತಪ್ಪು ನಂದು. ಲೆರಾಯ್ ನಂಬಿದ್ದು ನನ್ನ ಮಾತು."

"ಮಿಲ್ ಬರಲ್ಲ ಅಂತ ಬಸ್ ಹತ್ತೋಕೆ ಮೊದ್ಲೇ ಗೊತ್ತಿತ್ತು," ಎಂದಳು ಟ್ರೂಡಿ. "ನಾನು ಹುಟ್ಟಿ ಬೆಳೆದದ್ದು ಮಿಲ್ಲಲ್ಲಿ. ಒಂದಕ್ಕೇ ಗಿರಾಕಿ ಸಾಲದೆ ಅಪ್ಪ ಬಾಗಿಲು ಹಾಕಿದ. ಇನ್ನು ನಾಲ್ಕು ಎಲ್ಲಿಂದ ಬರತ್ತೆ?"

"ಮತ್ತೆ ಸಭೆಯಿಂದ ಎದ್ದು ಬಂದ್ಯಲ್ಲ," ಎಂದ ಲೆರಾಯ್, ಮುಂದಿನ ಗಾಜನ್ನು ನೋಡುತ್ತಾ.

"ಒಲೆ ಮೇಲೆ ಬೀನ್ಸ್ ಇಟ್ಟು ಬಂದಿದ್ದೆ. ನಿಮ್ಮ ಕೌಂಟಿ ಮಾತು ಮುಗಿಸೋ ಹೊತ್ತಿಗೆ ಸೀದುಹೋಗ್ತಿತ್ತು."

ಲೆರಾಯ್ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟ. ತೆಗೆಯಲಿಲ್ಲ. ಅವನ ಕುತ್ತಿಗೆ ಕಿವಿಯ ತನಕ ಕೆಂಪಾಗಿತ್ತು. ಟ್ರೂಡಿ ಗಾಡಿಯ ಮುಂದಿನಿಂದ ಸುತ್ತಿ ಬಂದು ಅವನ ಕಡೆಯ ಬಾಗಿಲನ್ನು ತಾನೇ ತೆರೆದು, ಸೌಟಿನಿಂದ ಮನೆಯ ಕಡೆ ತೋರಿಸಿದಳು.

"ಇಳೀತೀಯೋ," ಎಂದಳು, "ಇಲ್ಲಾ ಇದಕ್ಕೂ ಒಂದು ಸಭೆ ಕರೆದು ಓಟು ಹಾಕಿಸ್ಬೇಕೋ?"